ಮನಿ ಕೊಡಿಸೋ ಅಕ್ಕೋರು

ನಮ್ಮ ಕೆಲಸದಲ್ಲಿ ನಗುವಂಥದ್ದು ಹುಡುಕಿದರೂ ಸಿಗಬಾರದು. ಆದರೂ ವಾರ ಕಳೆಯುವುದರೊಳಗೆ ಇಂಥದ್ದೊಂದು ಆಗಿಯೇ ತೀರುತ್ತದೆ.

ಜೇವರ್ಗಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ನಮ್ಮದೊಂದು ಸಣ್ಣ ಸಂಸ್ಥೆಯ ಕಚೇರಿ ಇದೆ. ಕೆಲಸ ಮಾಡುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಹಿರಿಯರು. ಅವರನ್ನು ಎಲ್ಲರೂ ಮಾಸ್ತರು ಅಂತಲೇ ಕರೆಯುತ್ತಾರೆ. ಜೇವರ್ಗಿ, ಅಫಜಲಪುರ, ಆಳಂದ ತಾಲೂಕುಗಳಲ್ಲಿ ಮನೆ ಇಲ್ಲದವರಿಗೂ, ಇವತ್ತೋ ನಾಳೆಯೋ ಬೀಳುವಂಥ ಮನೆಯಲ್ಲಿ ಇರುವವರಿಗೂ ಸರಕಾರದ ಮನೆ ಸಿಗುವ ಹಾಗೆ ಕಾಗದ ಮಾಡಿಸಿಕೊಡುವುದು, ಪಟ್ಟಣಕ್ಕೆ ದುಡಿಯಲು ಬಂದವರಿಗೆ ಕೈಗೆ ನಿಲುಕುವಂಥ ಬಾಡಿಗೆ ಖೋಲಿ ಹುಡುಕಿಕೊಡುವುದು ನಮ್ಮ ಕೆಲಸ. ಮಾಸ್ತರು ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆಯುತ್ತಾರೆ, ನಾನು ಸ್ಕೂಟರಿನ ಮೇಲೆ ಊರೂರು ತಿರುಗುತ್ತೇನೆ.

ಹಳ್ಳಿಗಳಲ್ಲಿ ನನಗೆ ‘ಮನಿ ಕೊಡಿಸೋ ಅಕ್ಕೋರು’ ಅಂತ ಹೆಸರು ಬಿದ್ದಿದೆ. ಕೊಡಿಸಿದ್ದಕ್ಕಿಂತ ಕೊಡಿಸಲಾಗದೆ ತಿರುಗಿ ಬಂದದ್ದೇ ಹೆಚ್ಚು ಅಂತ ಗೊತ್ತಿದ್ದೂ ಹಾಗೆ ಕರೆಯುತ್ತಾರೆ. ತಿರುಗಿ ಬಂದ ದಿನ ನನಗೆ ಊಟ ಸೇರುವುದಿಲ್ಲ. ಆ ದಿನಗಳ ವಿಷಯ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಉಳಿದವುಗಳಲ್ಲಿ ಕೆಲವನ್ನು ಹೇಳುತ್ತೇನೆ. ಮನೆಯಲ್ಲಿ ಇವನ್ನು ಹೇಳಿದಾಗ ನನ್ನ ಗಂಡ ಮೊದಲು ನಗುತ್ತಾರೆ, ಆಮೇಲೆ ಅವರಿಗೆ ಮನೆ ಸಿಕ್ಕಿತೇ ಅಂತ ಕೇಳುತ್ತಾರೆ.

ಫೋಟೋ ತೆಗೆಯುವ ದಿನ

ಆಳಂದ ತಾಲೂಕಿನ ಮಟಕಿಯಲ್ಲಿ ಒಬ್ಬ ಆಯಿ ಇದ್ದಳು. ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಇದ್ದೊಬ್ಬ ಮಗಳನ್ನು ಸೊಲ್ಲಾಪುರದ ಕಡೆ ಕೊಟ್ಟಿದ್ದಳು. ತಾನು ಮಂದಿಯ ಹೊಲಕ್ಕೆ ತೊಗರಿ ಕೊಯ್ಯಲು, ಕಳೆ ತೆಗೆಯಲು ಹೋಗಿ ಬಂದು ಒಬ್ಬಳೇ ಇರುತ್ತಿದ್ದಳು. ಮನೆ ಅಂದರೆ ಮೂರು ಮಣ್ಣಿನ ಗೋಡೆ, ಮೇಲೆ ತಗಡಿನ ಪತ್ರಾ. ನಾಲ್ಕನೆಯ ಗೋಡೆ ಹಿಂದಿನ ಮಳೆಗಾಲದಲ್ಲಿ ಅರ್ಧ ಕುಸಿದಿತ್ತು. ಅಲ್ಲಿ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದ್ದಳು. ಗಾಳಿ ಬಂದಾಗ ಆ ಸೀರೆ ಹೊಟ್ಟೆ ಉಬ್ಬಿಸಿಕೊಂಡು ಮನೆಯೊಳಗೆ ಬರುತ್ತಿತ್ತು.

ಅರ್ಜಿ ಹಾಕಿದ ಮೇಲೆ ಇಂಜಿನಿಯರ್ ಬಂದು, ಈಗಿರುವ ಮನೆಯ ಮುಂದೆ ಅರ್ಜಿದಾರರನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಮನೆ ಎಷ್ಟು ಕೆಟ್ಟಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಸೋಮವಾರ ಸಾಹೇಬರನ್ನು ಕರೆದುಕೊಂಡು ಬರುತ್ತೇನೆ ಅಂತ ನಾನು ಆಯಿಗೆ ಮೊದಲೇ ತಿಳಿಸಿದೆ. ಆ ದಿನ ಕೂಲಿಗೆ ಹೋಗದೆ ಮನೆಯಲ್ಲಿರಲಿ ಅಂತ ನನ್ನ ಉದ್ದೇಶ. ತಪ್ಪಾದದ್ದೇ ಅಲ್ಲಿ.

ಸೋಮವಾರ ಹೋದರೆ ನನಗೇ ಮನೆಯ ಗುರುತು ಸಿಗಲಿಲ್ಲ. ಗೋಡೆಗೆಲ್ಲ ಕೆಮ್ಮಣ್ಣು ಬಳಿದು, ಬುಡಕ್ಕೆ ಸುಣ್ಣದ ಪಟ್ಟಿ ಎಳೆದಿದ್ದಳು. ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಕುಸಿದ ಗೋಡೆಯ ಕಡೆ ಯಾರ ಮನೆಯದೋ ಹೂವಿನ ಪರದೆ ಇಳಿಬಿಟ್ಟಿದ್ದಳು. ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಳಗಿನ ಗೂಡಿನಲ್ಲಿ ಫಳಫಳ ಹೊಳೆಯುವ ಸ್ಟೀಲಿನ ಕೊಡಗಳು. ಒಂದೂ ಅವಳವಲ್ಲ. ಉಟ್ಟ ಇಳಕಲ್ ಸೀರೆಯೂ ಪಕ್ಕದ ಮನೆಯವಳದು.

ಇಂಜಿನಿಯರ್ ಫೋಟೋ ತೆಗೆದರು. ಮೊಬೈಲ್ ನೋಡುತ್ತ ನನ್ನ ಹತ್ತಿರ ಬಂದು, ಇದು ತಮ್ಮ ಬಾಡಿಗೆ ಖೋಲಿಗಿಂತ ಚೆನ್ನಾಗಿ ಕಾಣುತ್ತಿದೆ ಅಂತ ಮೆಲ್ಲಗೆ ಹೇಳಿದರು. ಆ ಫೋಟೋ ಮೇಲಿನ ಕಚೇರಿಗೆ ಹೋದರೆ ಆಯಿಯ ಅರ್ಜಿ ಅಲ್ಲಿಗೇ ಮುಗಿದಂತೆ. ನಾನು ಅವಳನ್ನು ಬದಿಗೆ ಕರೆದು, ಮನೆಯನ್ನು ಇದ್ದ ಹಾಗೆಯೇ ತೋರಿಸಬೇಕಿತ್ತು, ಹೀಗೆ ಮುಚ್ಚಿಟ್ಟರೆ ಮನೆ ಬರುವುದಿಲ್ಲ ಅಂತ ಸ್ವಲ್ಪ ಜೋರಾಗಿಯೇ ಅಂದೆ. ಅವಳಿಗೆ ನೋವಾಯಿತು.

“ಮಂದಿ ಮನಿಗೆ ಬರಾಕತ್ತಾರಂದ್ರ ಸಾರಿಸದ ಹ್ಯಾಂಗ ಇರ್ಲಿ ಅಕ್ಕೋರೆ?” ಅಂದಳು. “ಬಡತನ ನನಗ ಬಂದಾದ. ಮನಿ ಏನ್ ಮಾಡ್ಯಾದ?”

ಇಂಜಿನಿಯರ್ ಒಳ್ಳೆಯ ಮನುಷ್ಯ. ಕುರ್ಚಿಯಲ್ಲಿ ಕೂತು ಅವಳು ಕೊಟ್ಟ ಚಹಾ ಕುಡಿದರು, ಆಮೇಲೆ ಎಲ್ಲ ತೆಗೆದು ಇನ್ನೊಮ್ಮೆ ನಿಲ್ಲು ಅಂದರು. ಆಯಿ ತೋರಣ ಬಿಚ್ಚಿದಳು, ಪರದೆ ಇಳಿಸಿ ಮಡಚಿಟ್ಟಳು, ಕುರ್ಚಿ ಕೊಡಗಳನ್ನು ಆಯಾ ಮನೆಗೆ ಮುಟ್ಟಿಸಿ ಬಂದಳು. ಬಂದವಳು ಕುಸಿದ ಗೋಡೆಯ ಮುಂದೆಯೇ, ಸೆರಗನ್ನು ಎರಡೂ ಕಡೆ ಅಗಲ ಮಾಡಿಕೊಂಡು ನಿಂತಳು. ಬಿದ್ದದ್ದು ಒಂದಿಷ್ಟೂ ಕಾಣಲಿಲ್ಲ. ಬದಿಗೆ ಸರಿ ಅಂತ ಇಂಜಿನಿಯರ್ ಒಮ್ಮೆ ಹೇಳಿದರು, ಎರಡು ಸಲ ಹೇಳಿದರು. ಅವಳು ಅಲುಗಾಡಲಿಲ್ಲ.

“ನಾ ಸರದ್ರ ಗ್ವಾಡಿ ಬೀಳ್ತದ್ರಿ ಸಾಹೇಬ,” ಅಂದಳು.

ನಾವಿಬ್ಬರೂ ನಕ್ಕೆವು. ಅವಳೂ ನಕ್ಕು ಒಂದು ಹೆಜ್ಜೆ ಸರಿದಳು. ಅವಳ ಬೆನ್ನ ಹಿಂದಿದ್ದ ಗೋಡೆಯ ಮೂಲೆ, ಹಸಿ ಕೆಮ್ಮಣ್ಣಿನ ಭಾರಕ್ಕೋ ಏನೋ, ಮೊಳದುದ್ದ ಜಾರಿ ಅಂಗಳಕ್ಕೆ ಬಿತ್ತು. ಫೋಟೋದಲ್ಲಿ ಬಂದದ್ದು ಅದೇ.

ಮನೆ ಮಂಜೂರಾಯಿತು. ಈಗ ಅವಳು ಹೊಸ ಮನೆಯಲ್ಲಿದ್ದಾಳೆ. ಆದರೆ ಇವತ್ತಿಗೂ ಓಣಿಯವರ ಮುಂದೆ ಹೇಳುವುದು ಒಂದೇ ಮಾತು: ಸಾಹೇಬರು ಬದಿಗೆ ಸರಿ ಅಂದದ್ದಕ್ಕೆ ಗ್ವಾಡಿ ಬಿತ್ತು, ಇಲ್ಲದಿದ್ದರೆ ಇನ್ನೂ ಎರಡು ವರ್ಷ ಬಾಳುತ್ತಿತ್ತು.

ಮುತ್ಯಾ ದಾರಿ ತಪ್ಪಿದ್ದು

ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಊರೊಂದಕ್ಕೆ ಮತ್ತೆ ಮತ್ತೆ ನೀರು ನುಗ್ಗುತ್ತಿತ್ತು. ಆಮೇಲೆ ಎತ್ತರದ ಜಾಗದಲ್ಲಿ ಹೊಸ ಬಡಾವಣೆ ಕಟ್ಟಿ ಊರನ್ನು ಅಲ್ಲಿಗೆ ಸಾಗಿಸಿದರು. ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಒಂದು ಬಾಗಿಲು, ಒಂದು ಕಿಟಕಿ, ಎಲ್ಲದಕ್ಕೂ ಒಂದೇ ಹಳದಿ ಬಣ್ಣ. ಯಾರಿಗೆ ಯಾವ ಮನೆ ಅನ್ನುವ ಕಾಗದ ಸರಿಮಾಡಿಸಲು ನಾನು ಅಲ್ಲಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ.

ಅಲ್ಲೊಬ್ಬ ವಯಸ್ಸಾದ ಮುತ್ಯಾ ಇದ್ದ. ಕಣ್ಣು ಮಂಜಾಗಿತ್ತು. ಹಳೆಯ ಊರಲ್ಲಿ ಅವನಿಗೆ ಕಣ್ಣಿನ ಅಗತ್ಯವೇ ಇರಲಿಲ್ಲ. ಎಲ್ಲಿ ನೆಲದ ಪರಸಿಕಲ್ಲು ಒಡೆದಿದೆ, ಎಲ್ಲಿ ಕಟ್ಟೆ ತಗ್ಗಿದೆ ಅಂತ ಕಾಲಿಗೇ ಗೊತ್ತಿತ್ತು. ಇಲ್ಲಿನ ನೆಲಕ್ಕೂ ತನಗೂ ಇನ್ನೂ ಪರಿಚಯ ಆಗಿಲ್ಲ ಅಂತ ಅವನೇ ನನ್ನ ಮುಂದೆ ಹೇಳಿದ್ದ. ದಿನಾ ಬೆಳಗಿನಲ್ಲಿ ಕೋಲು ಹಿಡಿದು ಹಳೆಯ ಊರಿನ ತನಕ ನಡೆದು, ಅಲ್ಲಿ ಯಾರೂ ಇಲ್ಲದ ಕಟ್ಟೆಯ ಮೇಲೆ ಕೂತು ಬರುತ್ತಿದ್ದ.

ಹೊಸ ಮನೆಗೆ ಬಂದ ಮೊದಲ ವಾರ, ಒಂದು ಸಂಜೆ ಮುತ್ಯಾ ನಡೆದು ಬಂದು ಮನೆ ಹೊಕ್ಕ. ತಲೆಯ ಪಟಗಾ ತೆಗೆದು ಗೂಟಕ್ಕೆ ಹಾಕಿದ, ಗೋಡೆಗೆ ಆತು ಕೂತು ಛಾ ಮಾಡವ್ವ ಅಂದ. ಅದು ಅವನ ಮನೆಯಾಗಿರಲಿಲ್ಲ. ಎರಡು ಓಣಿ ಆಚೆಯ ಮನೆ. ಒಳಗಿದ್ದ ಹೆಂಗಸು ಅವನನ್ನು ಗುರುತು ಹಿಡಿದಳು. ಹೇಳಿದರೆ ಹಿರಿಯ ಜೀವ ನಾಚಿಕೊಳ್ಳುತ್ತದೆ ಅಂತ ಸುಮ್ಮನೆ ಛಾ ಮಾಡಿ ಕೊಟ್ಟಳು. ಮುತ್ಯಾ ಒಂದು ಗುಟುಕು ಕುಡಿದು ಕಪ್ಪನ್ನು ನೋಡಿದ. ಪೂರ್ತಿ ಕುಡಿದು ಮುಗಿಸಿದ. ಆಮೇಲೆ ಎದ್ದು ಪಟಗಾ ಸುತ್ತಿಕೊಂಡು, ತಪ್ಪಾತವ್ವ, ಇದು ನಮ್ಮ ಮನಿ ಅಲ್ಲ ಅಂದ. ಹ್ಯಾಂಗ ಗೊತ್ತಾತು ಅಂತ ಅವಳು ಕೇಳಿದಳು.

“ಛಾದಾಗ ಸಕ್ರಿ ಅದ,” ಅಂದ ಮುತ್ಯಾ.

ಅವನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸೊಸೆ ಡಾಕ್ಟರ ಮಾತು ಮೀರುತ್ತಿರಲಿಲ್ಲ. ವಿಷಯ ತಿಳಿದ ಮೇಲೆ, ಮಾವನಿಗೆ ದೂರದಿಂದಲೇ ಕಾಣಲಿ ಅಂತ ಅವಳು ಬಾಗಿಲಿಗೆ ಗಾಢ ನೀಲಿ ಬಣ್ಣ ಹಚ್ಚಿಸಿದಳು. ಬೆಳಿಗ್ಗೆ, ಮಧ್ಯಾಹ್ನ ಮುತ್ಯಾ ನೆಟ್ಟಗೆ ಆ ನೀಲಿ ಬಾಗಿಲಿಗೇ ಬರುತ್ತಿದ್ದ. ಸಂಜೆ ಛಾ ಹೊತ್ತಿಗೆ ಮಾತ್ರ ದಾರಿ ತಪ್ಪುತ್ತಿತ್ತು.

ಖೋಲಿ ಬೇಕಾಗ್ಯಾದ

ಕಡಗಂಚಿಯ ಹತ್ತಿರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ನಮ್ಮ ಕಚೇರಿ ಹುಡುಕಿಕೊಂಡು ಬಂದಳು. ಹೈಸ್ಕೂಲಿಗೆ ಹೋಗುವ ಎರಡು ಹೆಣ್ಣುಮಕ್ಕಳು. ಗಂಡ ಪುಣೆಗೆ ದುಡಿಯಲು ಹೋದವನು ವರ್ಷಗಳಿಂದ ತಿರುಗಿ ನೋಡಿರಲಿಲ್ಲ. ವಿಶ್ವವಿದ್ಯಾಲಯ ಬಂದ ಮೇಲೆ ಕಡಗಂಚಿಯ ಕಡೆ ಖೋಲಿಗಳೆಲ್ಲ ಓದುವ ಮಕ್ಕಳಿಗೇ ಹೋಗುತ್ತಿದ್ದವು, ಬಾಡಿಗೆಯೂ ಇವಳ ಕೈ ಮೀರಿತ್ತು. ಆಳಂದದಲ್ಲಿ ಒಂದು ಖೋಲಿ ಸಿಕ್ಕರೆ ಮಕ್ಕಳಿಗೆ ಶಾಲೆ ಹತ್ತಿರ, ತನಗೆ ಬಸ್ ಇದೆ ಅಂದಳು. ಇದ್ದ ಖೋಲಿ ಬಿಡಲು ಅವಳಿಗೆ ಆ ತಿಂಗಳ ಕೊನೆಯವರೆಗೆ ಮಾತ್ರ ಗಡುವಿತ್ತು.

ಒಂದು ಭಾನುವಾರ ಇಬ್ಬರೂ ಆಳಂದ ಸುತ್ತಿದೆವು. ಖಾಲಿ ಖೋಲಿ ಸಿಗುವುದು ಕಷ್ಟವಲ್ಲ. ಗಂಡ ಜೊತೆಗಿಲ್ಲದ ಹೆಂಗಸಿಗೆ ಸಿಗುವುದು ಕಷ್ಟ. ಹೋದಲ್ಲೆಲ್ಲ ಕೂಡಿಸಿ, ನೀರು ಕೊಟ್ಟು, ಮೇಲಿಂದ ಕೆಳಗಿನ ತನಕ ನೋಡಿ ಪ್ರಶ್ನೆ ಕೇಳುತ್ತಿದ್ದರು. ನಾನು ಕನ್ಯೆ ತೋರಿಸಲು ಬಂದವಳ ಹಾಗೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಗಂಡನ ವಿಷಯ ಬಂದರೆ ಪುಣೆಯಲ್ಲಿ ದುಡಿಯುತ್ತಾರೆ ಅಂತ ಹೇಳು ಅಂದಿದ್ದೆ. ಸುಳ್ಳು ಹೇಳುವುದು ಅವಳಿಗೆ ಇಷ್ಟವಿರಲಿಲ್ಲ. ಆಮೇಲೆ ತಾನೇ ಯೋಚಿಸಿ, ಎಲ್ಲೋ ಒಂದು ಕಡೆ ದುಡಿಯುತ್ತಲೇ ಇರಬೇಕಲ್ಲ, ಸುಳ್ಳೇನಲ್ಲ ಅಂತ ಸಮಾಧಾನ ಮಾಡಿಕೊಂಡಳು.

ಒಬ್ಬ ಮಾಲಕರು ಎಲ್ಲ ಕೇಳಿ ಮುಗಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡು, ನೀವು ಯಾವ ಪೈಕಿ ಅಂತ ವಿಚಾರಿಸಿದರು. ಜಾತಿ ಕೇಳುವ ಸಭ್ಯ ರೀತಿ ಅದು. ತಿಂಗಳಾ ತಿಂಗಳಾ ಬಾಡಗಿ ಕೊಡೋ ಪೈಕಿ ಅಂದಳು ಇವಳು, ಅಷ್ಟೇ ಸಭ್ಯವಾಗಿ. ಆ ಖೋಲಿ ಸಿಗಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಕೊನೆಯ ಮನೆಗೆ ಹೋದೆವು. ಮಾಲಕಿ ವಯಸ್ಸಾದ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಡ ವ್ಯಾಪಾರ ಮಾಡಿ ಕಟ್ಟಿಸಿದ ದೊಡ್ಡ ಮನೆ, ಈಗ ಅವರೊಬ್ಬರೇ. ನಮ್ಮನ್ನು ಕೂಡಿಸಿ ನಿಯಮ ಹೇಳಲು ಸುರುಮಾಡಿದರು. ಸೂರ್ಯ ಹುಟ್ಟುವ ಮೊದಲು ಏಳಬೇಕು. ಸ್ನಾನ ಆಗದೆ ಒಲೆ ಹಚ್ಚಬಾರದು. ಮಾಂಸ, ಮೊಟ್ಟೆ ಹೊಸಿಲು ದಾಟಬಾರದು. ತಾವು ಪೂಜೆಗೆ ಕೂತಾಗ ಗಟ್ಟಿಯಾಗಿ ಮಾತಾಡಬಾರದು. ಗೋಡೆಗೆ ಮೊಳೆ ಹೊಡೆಯಬಾರದು, ಮಂದಿಯ ಬಗ್ಗೆ ಕೆಟ್ಟದ್ದು ಆಡಬಾರದು, ಸುಳ್ಳು ಹೇಳಬಾರದು, ಸಿಟ್ಟು ಮಾಡಬಾರದು. ಹೇಳುತ್ತಲೇ ಹೋದರು. ಅಡುಗೆಯವಳು ಎಲ್ಲದಕ್ಕೂ ಹೌದ್ರಿ ಹೌದ್ರಿ ಅನ್ನುತ್ತ ಕೂತಿದ್ದಳು. ಬೆಳಗಿನಿಂದ ತಿರುಗಿ ಅವಳ ಮುಖ ಬಾಡಿತ್ತು. ಒಂದು ಹಂತದಲ್ಲಿ ನನ್ನ ಕಡೆ ವಾಲಿ, ಮೆಲ್ಲಗೆ ಅಂದುಕೊಂಡು ಸಾಕಷ್ಟು ಗಟ್ಟಿಯಾಗಿಯೇ ಕೇಳಿದಳು:

“ಅಕ್ಕೋರೆ, ಇವರು ಖೋಲಿ ಕೊಡಾಕತ್ತಾರೋ, ದೀಕ್ಷಾ ಕೊಡಾಕತ್ತಾರೋ?”

ಮಾಲಕಿ ಮಾತು ನಿಲ್ಲಿಸಿದರು. ಇದೂ ಹೋಯಿತು ಅಂತ ನಾನು ಚೀಲ ಎತ್ತಿಕೊಂಡೆ. ಆ ಅಮ್ಮ ಇವಳನ್ನೇ ಸ್ವಲ್ಪ ಹೊತ್ತು ನೋಡಿದರು. ಮುಖ ಹಾಗೇ ಗಂಭೀರ.

“ದೀಕ್ಷಾ ಬೇಕಂದ್ರ ಜಳಕಾ ಮಾಡಿ ಬರಬೇಕು,” ಅಂದರು. “ಖೋಲಿಗೆ ಹಾಂಗೇನಿಲ್ಲ. ಇವತ್ತೇ ಬಂದ್ರೂ ನಡೀತದ.”

ಅರ್ಹತೆ

ಇದು ನನ್ನದೇ ವಿಷಯ. ನಾನೂ ನನ್ನ ಗಂಡನೂ ಮೊದಲಿನಿಂದ ಜೇವರ್ಗಿಯಲ್ಲಿ ಬಾಡಿಗೆ ಮನೆಯಲ್ಲೇ ಇದ್ದವರು. ಅವರು ಟೇಲರ್. ಒಂದು ದಿನ ನಮ್ಮ ಮನೆ ಮಾಲಕರು ಬಂದು, ಮಗನ ಮದುವೆ ನಿಶ್ಚಯವಾಗಿದೆ, ಎರಡು ತಿಂಗಳಲ್ಲಿ ಮನೆ ಬಿಡಬೇಕು ಅಂದರು. ನಾವು ಅಲ್ಲಿ ಇಲ್ಲಿ ಕೇಳಿದೆವು. ಒಂದಕ್ಕೆ ನೀರಿಲ್ಲ, ಒಂದು ನಮ್ಮ ಕೈಗೆ ಮೀರಿದ್ದು, ಒಂದರಲ್ಲಿ ಹೊಲಿಗೆ ಮಷೀನಿನ ಸದ್ದು ಬೇಡ ಅಂದರು. ಮೂರು ತಾಲೂಕಿಗೆ ಮನೆ ಹುಡುಕಿಕೊಡುವವಳಿಗೆ ಮನೆ ಇಲ್ಲ ಅಂತ ಹೇಳಿಕೊಳ್ಳಲು ನನಗೆ ನಾಚಿಕೆ. ಮಾಸ್ತರ ಹೊರತು ಯಾರಿಗೂ ಹೇಳಲಿಲ್ಲ.

ಆದರೆ ಮಾಸ್ತರಿಗೆ ಗುಟ್ಟು ಇಟ್ಟುಕೊಂಡು ಗೊತ್ತಿಲ್ಲ. ಮನೆ ಸಿಕ್ಕ ಹೆಂಗಸರು ತಿಂಗಳಿಗೊಮ್ಮೆ ನಮ್ಮ ಕಚೇರಿಯಲ್ಲಿ ಸೇರುತ್ತಾರೆ. ಅವರ ಮುಂದೆ ಮಾಸ್ತರು ಹೇಳಿಬಿಟ್ಟರು. ಅವರಲ್ಲಿ ಒಬ್ಬಳು ಸಂತೆಯಲ್ಲಿ ಕಾಯಿಪಲ್ಯ ಮಾರುವವಳು, ನಾಲ್ಕನೆಯ ಇಯತ್ತೆ ಓದಿದವಳು. ಅವಳು ಮಾಸ್ತರ ಮೇಜಿನಿಂದ ಖಾಲಿ ಅರ್ಜಿಯೊಂದನ್ನು ಎತ್ತಿಕೊಂಡು ನನ್ನ ಎದುರು ಬಂದು ಕೂತಳು. ಪೆನ್ನಿನ ಟೋಪಿ ತೆಗೆದು, ಸ್ವಂತ ಜಾಗ ಇದೆಯೇ ಅಂತ ಕೇಳಿದಳು. ಇಲ್ಲ ಅಂದೆ. ಗಂಡ ಏನು ಮಾಡುತ್ತಾರೆ, ಎಷ್ಟು ಮಂದಿ ಇದ್ದೀರಿ, ಅತ್ತೆ ಮಾವ ಯಾರ ಕಡೆ ಇದ್ದಾರೆ ಅಂತೆಲ್ಲ ಕೇಳಿದಳು. ನಾನು ನಗುತ್ತಲೇ ಉತ್ತರ ಕೊಡುತ್ತಿದ್ದೆ. ಅವಳು ನಗಲಿಲ್ಲ.

ಆಮೇಲೆ ಗಾಡಿ ಇದೆಯೇ ಅಂತ ಕೇಳಿದಳು. ಹೊರಗೆ ನಿಂತ ನನ್ನ ಸ್ಕೂಟರನ್ನು ಎಲ್ಲರೂ ತಿರುಗಿ ನೋಡಿದರು. ಒಂದು ಕಾಲಕ್ಕೆ ಗಾಡಿ ಇದ್ದವರ ಹೆಸರನ್ನು ಪಟ್ಟಿಯಿಂದ ಬಿಡುತ್ತಿದ್ದರು. ಆ ನಿಯಮ ಇವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಾಯಿಪಲ್ಯದವಳು ಪೆನ್ನು ಮುಚ್ಚಿ ಅರ್ಜಿಯನ್ನು ಮೇಜಿನ ಮೇಲೆ ಇಟ್ಟಳು.

“ನಿಮ್ಮ ಹೆಸರು ಬರೂದಿಲ್ರಿ ಅಕ್ಕೋರೆ,” ಅಂದಳು. “ಮನಸ್ಸಿಗೆ ಹಚ್ಚಗೋಬ್ಯಾಡ್ರಿ. ಮುಂದಿನ ಸಲ ನೋಡೂಣು.”

ಮಾತೂ ನನ್ನದೇ, ದನಿಯೂ ನನ್ನದೇ. ಎಷ್ಟು ಅಂಗಳಗಳಲ್ಲಿ ನಿಂತು ಅದೇ ಮಾತು ಹೇಳಿದ್ದೆನೋ ಲೆಕ್ಕವಿಲ್ಲ. ಸಮಾಧಾನದ ಮಾತು ಅಂತಲೇ ತಿಳಿದಿದ್ದೆ. ಕೇಳಿಸಿಕೊಂಡದ್ದು ಅದೇ ಮೊದಲು. ಆವತ್ತಿನಿಂದ ಆ ಮಾತು ಬಿಟ್ಟಿದ್ದೇನೆ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಹೇಳಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತು ಬರುತ್ತೇನೆ.

ಎರಡು ವಾರದೊಳಗೆ ಅದೇ ಹೆಂಗಸರು ತಮ್ಮ ಓಣಿಯ ಹತ್ತಿರ ಎರಡು ಖೋಲಿಯ ಮನೆ ಹುಡುಕಿದರು. ಮಾಲಕರ ಮುಂದೆ ನನ್ನ ಪರ ಮಾತಾಡಿದವಳು ಕಾಯಿಪಲ್ಯದವಳೇ. ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ಏನು ಮಾಡುತ್ತಾರೆ ಅಂತ ಮಾಲಕರು ಕೇಳಿದರು. ಅವಳು ನನ್ನನ್ನು ಒಮ್ಮೆ ನೋಡಿ, “ಏನೂ ಮಾಡಂಗಿಲ್ರಿ, ಗಾಡಿ ಮ್ಯಾಲ ತಿರಗತಾರ,” ಅಂದಳು. “ಆದ್ರ ಮನಷಾ ಚಲೋ ಅದಾರ.”

ಯಾರ ಮನಿ

ಜೇವರ್ಗಿ ತಾಲೂಕಿನ ನೆಲೋಗಿಗೆ ಮೊದಲ ಸಲ ಹೋದ ದಿನ, ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬಸ್ಸಿಗೆ ಕಾಯುತ್ತಿದ್ದಾಳೆ ಅಂದುಕೊಂಡು ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದೆ. ಅವಳು ಎದುರಿನ ಮಣ್ಣಿನ ಮನೆ ತೋರಿಸಿ, ಅವರು ಕರೆದಾಗ ಅಂದಳು. ನನಗೆ ಅರ್ಥವಾಗಲಿಲ್ಲ. ಓಣಿಯವರು ಹೇಳಿದ ಮೇಲೆ ತಿಳಿಯಿತು.

ಅವಳ ಗಂಡ ಕೆಟ್ಟವನಲ್ಲ, ಕೈ ಮಾಡುವವನೂ ಅಲ್ಲ. ಮೈಮುರಿದು ದುಡಿಯುವ ಮನುಷ್ಯ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಸಾರಿಗೆ ಉಪ್ಪು ಹೆಚ್ಚಾದರೆ, ಆಡು ಹಗ್ಗ ಬಿಚ್ಚಿಕೊಂಡರೆ, ಹೊಲದಲ್ಲಿ ಯಾರೋ ಏನೋ ಅಂದರೆ, ಕೊನೆಗೆ ಬರುವುದು ಒಂದೇ ಮಾತು: ನನ್ನ ಮನಿ ಬಿಟ್ಟು ನಡಿ. ಅವಳು ಎದುರಾಡದೆ ಹೋಗಿ ಗಿಡದ ಕೆಳಗೆ ಕೂಡುತ್ತಿದ್ದಳು. ಸಿಟ್ಟು ಇಳಿದ ಮೇಲೆ ಅವನೇ ಬಾಗಿಲಿಗೆ ಬಂದು ಕರೆಯುತ್ತಿದ್ದ. ಇಪ್ಪತ್ತು ವರ್ಷದಿಂದ ಹೀಗೆ. ಅವಳು ಕಲ್ಲಿನ ಮೇಲೆ ಕಂಡರೆ ಇವತ್ತು ಸಾರು ಉಪ್ಪಾಗಿದೆ ಅಂತ ಓಣಿಯವರು ತಿಳಿದುಕೊಳ್ಳುತ್ತಿದ್ದರು. ಹೇಳಿ ನಗುತ್ತಿದ್ದರು. ಆವತ್ತು ನಾನೂ ನಕ್ಕಿದ್ದೆ, ಈಗ ನೆನೆದರೆ ಬೇಸರವಾಗುತ್ತದೆ.

ಅವರಿಗೆ ಸರಕಾರದ ಮನೆ ಮಂಜೂರಾಯಿತು. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟಿದರು. ಪಾಯ ತೋಡಿದವನು ಅವನೇ, ಕಲ್ಲು ಹೊತ್ತವನು ಅವನೇ, ಗೋಡೆಗೆ ಎರಡು ಹೊತ್ತು ನೀರು ಹೊಡೆದವನೂ ಅವನೇ. ಕಾಗದದ ಕಡೆ ಮಾತ್ರ ತಲೆ ಹಾಕಲಿಲ್ಲ. ಈ ಯೋಜನೆಯಲ್ಲಿ ಮನೆಯೂ ಜಾಗವೂ ಮನೆಯ ಹೆಣ್ಣುಮಗಳ ಹೆಸರಿಗೆ ಆಗುತ್ತವೆ. ನಾವು ಮೊದಲೇ ಹೇಳಿದ್ದೆವು. ಅವನು ಹೂಂ ಅಂದಿದ್ದ.

ಹಕ್ಕುಪತ್ರ ತೆಗೆದುಕೊಳ್ಳಲು ಅವಳು ಒಬ್ಬಳೇ ಬಂದಳು. ಅಕ್ಷರ ಬರುವುದಿಲ್ಲವಾದ್ದರಿಂದ ಮಾಸ್ತರು ಓದಿ ಹೇಳಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಅಂತ ಎಲ್ಲ ಓದಿದರು. ಅವಳು ಇನ್ನೊಮ್ಮೆ ಓದಿಸಿದಳು. ಆಮೇಲೆ ತನ್ನ ಹೆಸರು ಎಲ್ಲಿದೆ, ಬೆರಳು ಹಿಡಿದು ತೋರಿಸಿ ಅಂದಳು. ಮಾಸ್ತರು ಅವಳ ಬೆರಳನ್ನು ಹೆಸರಿನ ಮೇಲೆ ಇಟ್ಟರು. ಬಹಳ ಹೊತ್ತು ಅವಳು ಬೆರಳು ತೆಗೆಯಲಿಲ್ಲ.

ಹೊಸ ಮನೆಗೆ ಬಂದು ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮುಂದಿನ ಖೋಲಿಯಲ್ಲಿ ಆಡು ಕಟ್ಟುವ ವಿಷಯಕ್ಕೆ ಮಾತು ಬೆಳೆಯಿತು. ಹೊಸ ಪರಸಿ ಕೆಡುತ್ತದೆ, ಬೇಡ ಅಂದಳು. ಅವನು ರೂಢಿಯಂತೆ ನನ್ನ ಮನಿ ಬಿಟ್ಟು ನಡಿ ಅಂದ. ಅವಳೂ ರೂಢಿಯಂತೆ ಎದ್ದಳು. ಆಮೇಲೆ ಆದದ್ದನ್ನು ಅವಳೇ ನನ್ನ ಮುಂದೆ ಹೇಳಿದಳು. ಹೊಸಿಲ ತನಕ ಹೋದಳಂತೆ. ಒಂದು ಕಾಲು ಹೊರಗೆ ಇಟ್ಟಳಂತೆ. ಅಲ್ಲಿಂದ ತಿರುಗಿ ಒಳಗೆ ಬಂದು, ಟ್ರಂಕು ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಕ್ಕುಪತ್ರವನ್ನು ಅವನ ಮುಂದೆ ಬಿಡಿಸಿಟ್ಟಳು. ಅವನಿಗೂ ಓದಲು ಬರುವುದಿಲ್ಲ. ಅವಳು ಜಾಗ ಗುರುತು ಇಟ್ಟುಕೊಂಡಿದ್ದಳು. ಬೆರಳು ಇಟ್ಟು, “ಇದು ನಾ,” ಅಂದಳು. ಅಷ್ಟೇ.

ಅವನು ಕಾಗದ ನೋಡಿದ, ಅವಳನ್ನು ನೋಡಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದು ಬೇವಿನ ಗಿಡದ ಕೆಳಗೆ ಕೂತ. ಅವಳು ಊಟಕ್ಕೆ ಕರೆಯುವ ತನಕ ಅಲ್ಲೇ ಇದ್ದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ನಮ್ಮ ಕಚೇರಿಗೆ ಬಂದ. ಜಗಳಕ್ಕೇ ಬಂದಿದ್ದಾನೆ ಅಂತ ನಾನು ಎದ್ದು ನಿಂತೆ. ಅವನು ಶಾಂತವಾಗಿ ಕೂತು, ಆ ಕಾಗದದ ನಕಲು ನಿಮ್ಮ ಹತ್ತಿರ ಇದ್ದರೆ ಓದಿ ಹೇಳಿ ಅಂದ. ಮಾಸ್ತರು ಮೊದಲಿನಿಂದ ಕೊನೆಯ ತನಕ ಓದಿದರು. ಅದರಲ್ಲಿ ತಾನು ಎಲ್ಲೂ ಇಲ್ಲವೇ ಅಂತ ಕೇಳಿದ. ಮಾಸ್ತರು ಹುಡುಕಿ, ಗಂಡನ ಹೆಸರು ಅನ್ನುವ ಕಡೆ ಇದ್ದೀರಿ ಅಂದರು. ಅವನೂ ಅಲ್ಲಿ ಬೆರಳು ಇಡಿಸಿಕೊಂಡ.

“ಪಾಯಾ ನಾ ತೋಡೇನ್ರಿ,” ಅಂದ.

“ಹೌದು.”

“ಗ್ವಾಡಿಗೆ ನೀರ ನಾ ಹೊಡದೇನಿ.”

“ಹೌದು.”

“ಆದ್ರೂ ಆಕಿದು.”

“ಹೌದು,” ಅಂದರು ಮಾಸ್ತರು.

ಅವನು ನೆಲ ನೋಡುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ಯಾರಿಗೆ ಹೇಳುತ್ತಿದ್ದಾನೆ ಅಂತ ಗೊತ್ತಾಗದ ಹಾಗೆ ಹೇಳಿದ: “ಆ ಕಲ್ಲಿನ ಮ್ಯಾಲ ಇಷ್ಟು ವರ್ಷ ಹ್ಯಾಂಗ ಕುಂತಳೋ ಏನೋ. ಬಿಸಲಿಗೆ ಭಾಳ ಕಾಯ್ತದ್ರಿ ಅದು.”

ಆಮೇಲೆ ಅವನು ದನಿ ತಗ್ಗಿಸಿ, ಹೆಂಡತಿಯ ಮನೆಯಲ್ಲಿ ಇರಲು ಗಂಡಸರು ಏನಾದರೂ ಅರ್ಜಿ ಕೊಡಬೇಕೇ ಅಂತ ಕೇಳಿದ. ಮಾಸ್ತರು ಜೀವಮಾನದಲ್ಲಿ ಚೇಷ್ಟೆ ಮಾಡಿದವರಲ್ಲ. ಕನ್ನಡಕ ಏರಿಸಿ ಯೋಚಿಸಿ, ನಿಯಮದಲ್ಲಿ ಹಾಗೇನೂ ಇಲ್ಲ, ಆದರೆ ಕೊಟ್ಟರೆ ತಪ್ಪಿಲ್ಲ ಅಂದರು. ಬಿಳಿ ಹಾಳೆ ತೆಗೆದು ದುಂಡಗೆ ಬರೆದರು: ಮಾನ್ಯ ಮನೆ ಮಾಲಕರಿಗೆ, ನಾನು ತಮ್ಮ ಗಂಡನಿದ್ದು, ಸದರಿ ಮನೆಯಲ್ಲಿ ವಾಸವಿರಲು ಅನುಮತಿ ನೀಡಬೇಕಾಗಿ ವಿನಂತಿ. ಅವನು ಹೆಬ್ಬೆಟ್ಟು ಒತ್ತಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೋದ.

ಮುಂದಿನ ವಾರ ಅವಳು ಆ ಹಾಳೆ ಹಿಡಿದು ಬಂದಳು. ಗಂಡ ಏನೂ ಹೇಳದೆ ಇದನ್ನು ಕೈಗಿಟ್ಟು ಹೊಲಕ್ಕೆ ಹೋದನಂತೆ. ಏನು ಬರೆದಿದೆ ಓದಿ ಅಂದಳು. ಮಾಸ್ತರು ಓದಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆ ನೀರು ಬೇಗ ನಿಲ್ಲಲಿಲ್ಲ. ನಾನು ಎದ್ದು ಹೋಗಿ ಅವಳ ಪಕ್ಕ ಕೂತೆ. ಆಮೇಲೆ ಅವಳು ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಹಾಳೆಯನ್ನು ಮಾಸ್ತರ ಮುಂದೆ ಸರಿಸಿ, ಬಾಡಿಗೆಯವರಿಗೆ ಕರಾರು ಬರೆದರೆ ಎಷ್ಟು ದಿನಕ್ಕೆ ಬರೆಯುತ್ತೀರಿ ಅಂತ ಕೇಳಿದಳು. ಹನ್ನೊಂದು ತಿಂಗಳಿಗೆ ಅಂದರು ಮಾಸ್ತರು.

“ಹಾಂಗಾರ ಇವರಿಗೂ ಅಷ್ಟಕ್ಕೇ ಬರೀರಿ,” ಅಂದಳು. “ಮುಂದಿಂದು ನಡತಿ ನೋಡಿ ಹೇಳ್ತೇನಿ.”